ಅಂಟಪ್ಪನಿಗೆ ಬಂದ ಮೊದಲ ದೂರು

"ನಾನು ಅಂಟಿಸಿದ್ದರ ಮೇಲೆ ಇವತ್ತಿನವರೆಗೆ ಒಂದೇ ಒಂದು ದೂರು ಬಂದಿದ್ರೆ ತೋರ್ಸಿ, ಈ ಮೀಸೆ ಬೋಳಿಸ್ಕೋತೀನಿ!"

ಅಂಟಪ್ಪ ಇದನ್ನು ಹೇಳದ ಜಾಗವಿಲ್ಲ. ಬಸ್ಸಿಗೆ ಕಾಯುವವರಿಗೆ ಹೇಳಿದ್ದಾನೆ, ಹಲ್ಲಿನ ಡಾಕ್ಟರು ಬಾಯಿಗೆ ಇಕ್ಕಳ ಹಾಕಿದ್ದಾಗಲೂ ಅದರ ಸಂದಿಯಲ್ಲೇ ಹೇಳಿದ್ದಾನೆ. ಮೀಸೆಯೂ ಸಾಮಾನ್ಯದ್ದಲ್ಲ. ಒಂದು ತುದಿ ಬಾಗಿಲು ದಾಟಿ ಒಳಗೆ ಬಂದ ಮೇಲೆ ಇನ್ನೊಂದು ತುದಿ ಬರಲಿ ಎಂದು ಮನೆಯವರು ಕಾಯುತ್ತಿದ್ದರಂತೆ.

ಅವನ ಕೆಲಸ ಊರಾಚೆಯ ರಾಕೆಟ್ ಶೆಡ್ಡಿನಲ್ಲಿ. ರಾಕೆಟ್ಟಿನ ಬುಡದಲ್ಲಿ, ಎಂಜಿನ್ನುಗಳ ಪಕ್ಕ, ಒಳಗಿನ ಕೊಳವೆಗಳಿಗೆ ಕೈ ಹೋಗುವಷ್ಟು ದೊಡ್ಡ ಮುಚ್ಚಳವೊಂದಿರುತ್ತದೆ. ಅದರ ಸ್ಕ್ರೂ ಬಿಗಿದಾದ ಮೇಲೆ, ಬೆಂಕಿ ತಾಗದಂತೆ ಮೇಲೊಂದು ದಪ್ಪ ಹಾಳೆ ಅಂಟಿಸುವವನು ಇವನು. ಅಂಟನ್ನು ತಾನೇ ಕಲಸುತ್ತಿದ್ದ. ಅದರ ಮೇಲೆ ಕೂತ ನೊಣವೊಂದು ಅಲ್ಲೇ ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಅಲ್ಲೇ ಕಣ್ಣು ಮುಚ್ಚಿತೆಂದು ಶೆಡ್ಡಿನಲ್ಲಿ ಮಾತು. ಮನೆಯಲ್ಲಿ ಕಾಫಿ ಕಪ್ಪಿನ ಮುರಿದ ಹಿಡಿಯನ್ನು ಒಮ್ಮೆ ಅಂಟಿಸಿದ. ಆಮೇಲೆ ಕಪ್ಪು ಒಡೆದು ಚೂರಾಯಿತು. ಹಿಡಿ ಮಾತ್ರ ಇಂದಿಗೂ ಗಟ್ಟಿಯಾಗಿದೆ.

ಅವನ ಹೆಂಡತಿ ದರ್ಜಿ. ಮುಂದಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಲೇ ಗಂಡನ ಗಾಳಿ ತೆಗೆಯುತ್ತಿದ್ದಳು. "ಹೋದ ರಾಕೆಟ್ಟೆಲ್ಲ ಸಮುದ್ರಕ್ಕೆ ಬಿದ್ದಿದೆ. ಯಾವ ಮೀನಿನ ಕೈಲಿ ದೂರು ಹೇಳಿ ಕಳಿಸ್ಬೇಕಿತ್ತು ರೀ? ನನ್ನ ಗಿರಾಕಿಗಳು ನೋಡಿ, ವಾರಕ್ಕೊಂದು ಸುತ್ತು ದಪ್ಪ ಆಗಿ ವಾಪಸ್ ಬರ್ತಾರೆ."

"ಅದಕ್ಕೇ ಹೇಳೋದು, ನಿಂದು ಹೊಲಿಗೆ, ನಂದು ವಿದ್ಯೆ ಕಣೇ."

ಶೆಡ್ಡಿನಲ್ಲೊಂದು ಪದ್ಧತಿಯಿತ್ತು. ರಾಕೆಟ್ಟು ಮೋಡದಲ್ಲಿ ಮರೆಯಾದ ಕೂಡಲೇ ಎಲ್ಲರೂ ಹಿತ್ತಲಿನ ನಲ್ಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಹೋದದ್ದು ಹೋಯಿತು, ನಮ್ಮ ಜವಾಬ್ದಾರಿ ತೀರಿತು ಎಂದು ಅರ್ಥ. ಎಲ್ಲರಿಗಿಂತ ಮೊದಲು ನಲ್ಲಿ ಹಿಡಿಯುತ್ತಿದ್ದವನು ಅಂಟಪ್ಪ.

ಅಷ್ಟರಲ್ಲಿ 'ಆನೆ' ಬಂತು. ಭಾರಿ ಹೊರೆ ಹೊರುವ ಹೊಸ ರಾಕೆಟ್ಟಿಗೆ ಶೆಡ್ಡಿನವರಿಟ್ಟ ಹೆಸರು ಅದು. ಹೊರೆಯನ್ನು ಮೇಲೆ ಮುಟ್ಟಿಸಿ, ಬೆಂಕಿ ಉಗುಳುತ್ತ ಹಿಂದುಹಿಂದಾಗಿ ಇಳಿದು, ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಒಳಹೊರಗೆಲ್ಲ ನೋಡಿ, ಒರೆಸಿ, ಮತ್ತೆ ಕಳಿಸಬೇಕು.

ಎಂಜಿನಿಯರಮ್ಮ ಅಂಟಪ್ಪನಿಗೆ ನಕ್ಷೆ ತೋರಿಸಿ, ಬೆರಳಿಟ್ಟು ಹೇಳಿದ್ದಳು: "ಈ ಸಲ ಹಾಳೆಯ ಅಂಚಿಗೆ ಮಾತ್ರ ಅಂಟು. ಮರೀಬೇಡಿ, ಆಮೇಲೆ ಬಿಚ್ಬೇಕು."

"ಆಗ್ಲಿ ಮೇಡಂ" ಎಂದಿತು ಬಾಯಿ. ಕೈ ಕೇಳಬೇಕಲ್ಲ? ಇಷ್ಟು ವರ್ಷ ಅಂಗೈಯಗಲ ಜಾಗ ಬಿಡದೆ ಬಳಿದ ಕೈ ಅದು. ಅಂಚಿಗೊಂದು ಗೆರೆ ಎಳೆದು ಬಿಡುವುದು, ಅರ್ಧ ಮುಖ ಕ್ಷೌರ ಮಾಡಿ ಕಳಿಸಿದಷ್ಟು ಅನ್ಯಾಯ ಎನ್ನಿಸಿತು. ಹಾಳೆಯ ತುಂಬ ಬಳಿದು, ಮೇಲೆರಡು ಗುದ್ದು ಗುದ್ದಿದ.

ಆನೆ ಹೋಯಿತು. ಆನೆ ಬಂತು! ಕಾಲೂರಿ ನಿಂತಾಗ ಶೆಡ್ಡಿನವರು ಕುಣಿದ ಕುಣಿತಕ್ಕೆ ಪಕ್ಕದೂರಿನ ಗಡಿಯಾರಗಳು ಹಿಂದೆ ಬಿದ್ದವು. ಅಂಟಪ್ಪನೂ ಕುಣಿದ. ಆಮೇಲೆ ಮುಚ್ಚಳ ತೆಗೆಯಲು ಹೋದರು.

ಮೇಲಿನ ಹಾಳೆ ಎಬ್ಬಿಸಲು ಹೋದ ಉಳಿ ಬಾಗಿತು. ಬಿಸಿಗಾಳಿ ಬಿಟ್ಟರೆ ಅಂಟು ಬೆಚ್ಚಗಾಗಿ ಇನ್ನೂ ಸುಖವಾಗಿ ಕೂತಿತು. ಒಳಗಿನ ಕೊಳವೆ ನೋಡದೆ ಮತ್ತೆ ಹಾರಿಸುವಂತಿಲ್ಲ. ಮುಚ್ಚಳ ತೆಗೆಯದೆ ನೋಡುವಂತಿಲ್ಲ.

ಎಂಜಿನಿಯರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಂಟಪ್ಪನೋರೇ, ನಾನು ಹೇಳಿದ್ದೆ ಅಲ್ವಾ?" ಎಂದಳು, ಅಷ್ಟೇ.

ಶೆಡ್ಡಿನ ಮೇಸ್ತ್ರಿ ಮಾತ್ರ ಉಪ್ಪುಖಾರ ಸೇರಿಸಿಯೇ ಹೇಳಿದ: "ನಾಳೆಯೊಳಗೆ ನೀನೇ ಬಿಚ್ಚು. ಇಲ್ದಿದ್ರೆ ಬುಡವನ್ನೇ ಕತ್ತರಿಸ್ಬೇಕಾಗುತ್ತೆ. ಆಮೇಲೆ ನಿನ್ನ ಜಾಗ ಉಗ್ರಾಣ. ಅಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸ್ಕೊಂಡಿರು."

ಆ ಸಂಜೆ ಅಂಟಪ್ಪನ ಮೀಸೆ ಎರಡೂ ಕಡೆ ಜೋತುಬಿದ್ದಿತ್ತು. ಹೆಂಡತಿ ಯಾರದೋ ಅಂಗಿಯ ಹೊಲಿಗೆ ಬಿಚ್ಚುತ್ತ ಕೂತಿದ್ದಳು. ನಡೆದದ್ದನ್ನೆಲ್ಲ ಕೇಳಿ, ಚಹಾ ಮುಂದಿಟ್ಟು, ಬಿಸ್ಕತ್ತಿನ ಪೊಟ್ಟಣ ಕೈಗೆತ್ತಿಕೊಂಡಳು. ಅದರ ಕೆಂಪು ಎಳೆ ಹಿಡಿದು ಎಳೆದಳು. ಪೊಟ್ಟಣ ಸರ್ರನೆ ಬಾಯಿ ಬಿಟ್ಟಿತು.

"ನೋಡಿ, ಬಿಸ್ಕತ್ತು ಮಾಡೋನಿಗೂ ಗೊತ್ತು, ಇದನ್ನ ಯಾರೋ ಬಿಚ್ಚೇ ಬಿಚ್ತಾರೆ ಅಂತ. ನೀವೊಬ್ರೇ, ಕಟ್ಟಿದ್ದೇ ಕೊನೆ ಅಂದ್ಕೊಂಡಿರೋರು."

ಅಂಟಪ್ಪನ ಕೈಲಿದ್ದ ಬಿಸ್ಕತ್ತು ಕರಗಿ ಲೋಟಕ್ಕೆ ಬಿತ್ತು. ಅವನು ಆ ಕೆಂಪು ಎಳೆಯನ್ನೇ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಕೂದಲಿನಷ್ಟು ತೆಳ್ಳಗಿನ ಉಕ್ಕಿನ ತಂತಿ ತಂದು, ಎರಡು ತುದಿಗೂ ಮರದ ಹಿಡಿ ಕಟ್ಟಿದ. ಹಾಳೆಯ ಒಂದು ಮೂಲೆ ಬೆಂಕಿಗೆ ಕಮರಿ ಚೂರು ಎದ್ದಿತ್ತು. ಅಲ್ಲಿಂದ ತಂತಿ ತೂರಿಸಿದ. ಒಂದು ಹಿಡಿ ತಾನು ಹಿಡಿದು, ಇನ್ನೊಂದನ್ನು ಎಂಜಿನಿಯರಮ್ಮನ ಕೈಗೆ ಕೊಟ್ಟ. ಸೋಪು ಕೊಯ್ದ ಹಾಗೆ ಅತ್ತ ಇತ್ತ ಎಳೆದರು. ಮಧ್ಯಾಹ್ನದ ಹೊತ್ತಿಗೆ ಇಬ್ಬರ ತೋಳೂ ಬಿದ್ದುಹೋಗಿದ್ದವು, ಆದರೆ ಹಾಳೆ ಕಳಚಿ ಬಂತು. ಮುಚ್ಚಳಕ್ಕೆ ಗೀರೂ ಇರಲಿಲ್ಲ.

"ಮುಂದಿನ ಸಲ ಅಂಟಿಸುವಾಗಲೇ ತಂತಿ ಇಟ್ಟು, ತುದಿ ಹೊರಗೆ ಬಿಟ್ಟಿರ್ತೀನಿ ಮೇಡಂ" ಎಂದ.

"ಅಂಚಿಗೆ ಮಾತ್ರ ಅಂಟು" ಎಂದಳು ಅವಳು.

"ಅಂಚಿಗೆ ಮಾತ್ರ" ಎಂದ ಅಂಟಪ್ಪ, ಈ ಸಲ ಕೈಗೂ ಕೇಳಿಸುವಂತೆ.

ಮನೆಗೆ ಬಂದರೆ ಹೆಂಡತಿ ಬಟ್ಟೆ ಕತ್ತರಿಸುವ ಕತ್ತರಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಆಡಿದ ಮಾತು ಆಡಿದ್ದೇ. ಮೀಸೆ ಇಳಿಯಿತು, ಗುಡಿಸಿ ತುಂಬಿಸಿದರೆ ಎರಡು ದಿಂಬಾದವೆಂದು ಅವಳ ಲೆಕ್ಕ.

ಆನೆ ಎರಡನೆಯ ಸಲ ಮೇಲೇರಿದ ದಿನ ಎಲ್ಲರೂ ನಲ್ಲಿಯತ್ತ ಓಡಿದರು. ಅಂಟಪ್ಪ ಅಂಟು ಮೆತ್ತಿದ ಕೈಯಲ್ಲೇ, ಆಕಾಶ ನೋಡುತ್ತ ನಿಂತಿದ್ದ. ಮೇಸ್ತ್ರಿ ಸೋಪಿನ ನೊರೆ ಹಾರಿಸುತ್ತ ಕೂಗಿದ:

"ಏನಪ್ಪಾ ಅಂಟಪ್ಪ, ಕೈ ತೊಳ್ಕೊಳ್ಳಲ್ವಾ? ಮೀಸೆ ಅಂತೂ ಹೋಯ್ತು. ಮತ್ತೊಂದು ದೂರು ಬಂದ್ರೆ ಏನು ಬೋಳಿಸ್ಕೋತೀಯಾ?"

ಅಂಟಪ್ಪ ಬರಿದಾದ ಮೇಲ್ದುಟಿಯನ್ನೇ ಗತ್ತಿನಿಂದ ತಿರುವಿಕೊಂಡ.

"ಬರ್ಲಿ ಮೇಸ್ತ್ರಿ, ಬರ್ಲಿ. ದೂರು ಹೊತ್ಕೊಂಡಾದ್ರೂ ಸರಿ, ಆನೆ ಮನೆಗೆ ಬಂದ್ರೆ ಸಾಕು. ಮೀಸೆ ಏನು, ಮತ್ತೆ ಬೆಳೆಯುತ್ತೆ."