ಉಸಿರೆಳೆದರೆ ಮಡಚುವ ಕೈ

ಪುಂಜಾಲಕಟ್ಟೆಯ ವಿಜೇತಾ ಶೆಟ್ಟಿ ಗುಡ್ಡದ ಸೈಕಲ್ ಸ್ಪರ್ಧೆಗಳಲ್ಲಿ ರಾಜ್ಯ ತಂಡದಲ್ಲಿದ್ದವಳು. ರಾಷ್ಟ್ರಮಟ್ಟದಲ್ಲಿ ಒಂದು ಕಂಚಿನ ಪದಕವೂ ಬಂದಿತ್ತು. ಬೆಳ್ತಂಗಡಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುವುದು ಅವಳ ಕೆಲಸ. ಬೀಳುವುದು ಅವಳಿಗೆ ಹೊಸತಲ್ಲ. ಮೊಣಕೈ ತರಚಿತ್ತು, ಹಲ್ಲು ಮುರಿದಿತ್ತು, ಕಾಲಿನ ಬೆರಳಿನ ಮೂಳೆ ಬಿರುಕು ಬಿಟ್ಟಿತ್ತು. ತಾಯಿ ಕಾಂತಿ ಬೈಯುತ್ತಲೇ ಅರಸಿನ ಹಚ್ಚುತ್ತಿದ್ದರು.

ಭಾನುವಾರ ಬೆಳಿಗ್ಗೆ ಅವಳು ಕೆಲವು ಹವ್ಯಾಸಿಗಳನ್ನು ಮುಂಡಾಜೆಯ ಆಚೆಗಿನ ರಬ್ಬರ್ ತೋಟದ ಗುಡ್ಡಕ್ಕೆ ಕರೆದೊಯ್ಯುತ್ತಿದ್ದಳು. ಮೂಡುಬಿದಿರೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಅಂಕಿತ್ ಜೈನ್ ಅವರಲ್ಲೊಬ್ಬರು. ನಲವತ್ತು ದಾಟಿದ ಮೇಲೆ, ಸಕ್ಕರೆ ಕಾಯಿಲೆಗೆ ಹೆದರಿ ಸೈಕಲ್ ಹತ್ತಿದವರು. ಧೈರ್ಯ ಬೇಗ ಬಂದಿತ್ತು, ಹಿಡಿತ ಇನ್ನೂ ಬಂದಿರಲಿಲ್ಲ.

ಆ ದಿನ ಇಳಿಜಾರಿನ ತಿರುವಿನಲ್ಲಿ ಅಂಕಿತ್ ಗಾಬರಿಯಿಂದ ಮುಂದಿನ ಬ್ರೇಕನ್ನು ಪೂರ್ತಿ ಹಿಡಿದುಬಿಟ್ಟರು. ಸೈಕಲ್ ಮಗುಚಿತು, ಅವರು ದಾರಿಗೆ ಅಡ್ಡಲಾಗಿ ಬಿದ್ದರು. ಹಿಂದಿನಿಂದ ವೇಗವಾಗಿ ಬರುತ್ತಿದ್ದ ವಿಜೇತಾ ಅವರ ಮೇಲೆ ಹಾಯದಂತೆ ಹ್ಯಾಂಡಲ್ ತಿರುಗಿಸಿದಳು. ಚಕ್ರ ರಬ್ಬರ್ ಮರದ ಬುಡಕ್ಕೆ ಬಡಿಯಿತು. ಅವಳು ಹಾರಿ ಮುರಕಲ್ಲಿನ ಗಟ್ಟಿ ಕೆಂಪು ನೆಲಕ್ಕೆ ಬಲ ಹೆಗಲೂರಿ ಬಿದ್ದಳು.

ಅಂಕಿತ್ ಕಿರುಚುತ್ತಿದ್ದರು. ವಿಜೇತಾ ಎದ್ದು ಅವರ ಹತ್ತಿರ ಹೋದಳು. ಅವರ ಮಣಿಕಟ್ಟು ಸೊಟ್ಟಗಾಗಿತ್ತು.

"ಅಂಕಿತಣ್ಣ, ಕೈ ಅಲ್ಲಾಡಿಸ್ಬೇಡಿ. ನಾನು ಕಟ್ಟಿ ಕೊಡ್ತೇನೆ" ಎಂದು ಕತ್ತಿನ ಶಾಲು ಬಿಚ್ಚಿದಳು. ಎಡಗೈ ಒಂದು ತುದಿ ಹಿಡಿಯಿತು. ಇನ್ನೊಂದು ತುದಿ ಹಾಗೇ ಜೋತಾಡಿತು.

"ನಿಮ್ಮ ಕೈಗೆ ಎಂತಾಯ್ತು?" ಅಂಕಿತ್ ಅಳು ನಿಲ್ಲಿಸಿ ಕೇಳಿದರು.

ಅವಳು ನೋಡಿಕೊಂಡಳು. ಬಲಗೈ ಪಕ್ಕದಲ್ಲಿ ತೂಗುತ್ತಿತ್ತು. "ಗೊತ್ತಿಲ್ಲ. ನೋವಿಲ್ಲ" ಎಂದಳು.

ಮಂಗಳೂರಿನ ವೈದ್ಯರು ಸ್ಕ್ಯಾನ್ ನೋಡಿ, ಕೈಗೆ ಹೋಗುವ ನರಗಳು ಕುತ್ತಿಗೆಯ ಬುಡದಲ್ಲೇ ಕಿತ್ತುಹೋಗಿವೆ ಎಂದರು. ಪಕ್ಕೆಲುಬಿನ ನರ ತೆಗೆದು ತೋಳಿಗೆ ಜೋಡಿಸಬಹುದು. ಮೊಣಕೈ ಮಡಚಲು ಬಂದೀತು, ಬೆರಳುಗಳ ಆಸೆ ಬೇಡ. ಕಾಂತಿ ಗೋಡೆಗೊರಗಿ ಅತ್ತರು. ವಿಜೇತಾ, "ಶಾಲೆಗೆ ಯಾವಾಗ ಹೋಗಬಹುದು ಡಾಕ್ಟ್ರೇ?" ಎಂದಷ್ಟೇ ಕೇಳಿದಳು. ಅಳು ಬರಬೇಕಿತ್ತು ಎಂದು ಅವಳಿಗೂ ಅನಿಸಿತು. ಬರಲಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ ನೆಂಟರು ಬಂದು ಹೋದರು. ಅಂಕಿತ್ ಬಂದರು. ಅವರ ಮಣಿಕಟ್ಟು ಕೂಡಿಕೊಂಡಿತ್ತು. ತಂದ ಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡು ಕುಳಿತರು.

"ನಾನು ಅಲ್ಲಿ ಬೀಳದಿದ್ರೆ ನಿಮಗೆ ಹೀಗೆ ಆಗ್ತಿರ್ಲಿಲ್ಲ."

"ಹೌದು" ಎಂದಳು ವಿಜೇತಾ.

"ಕೋಪ ಉಂಟಾ ನನ್ಮೇಲೆ?"

ಅವಳು ನಿಜವಾಗಿಯೂ ಯೋಚಿಸಿದಳು. "ಇಲ್ಲ. ಹುಡುಕಿದರೂ ಸಿಗುವುದಿಲ್ಲ. ಚಾ ಕುಡೀತೀರಾ?"

ಒಂದು ಬೆಳಿಗ್ಗೆ ಕಾಂತಿಗೆ ಏನೋ ಸುಟ್ಟ ವಾಸನೆ ಬಂತು. ಒಲೆಯ ಪಕ್ಕ ಮಗಳು ಮೊಬೈಲ್ ನೋಡುತ್ತ ನಿಂತಿದ್ದಳು. ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿದ್ದ ಅವಳ ಬಲಗೈ ಕಾದ ದೋಸೆಕಾವಲಿಯ ಅಂಚಿಗೆ ತಾಗಿಕೊಂಡಿತ್ತು. ಕಾಂತಿ ಓಡಿಬಂದು ಕೈ ಎಳೆದರು. ಚರ್ಮ ಬೆಳ್ಳಗೆ ಎದ್ದಿತ್ತು.

"ನಿಂಗೆ ಗೊತ್ತೇ ಆಗ್ಲಿಲ್ವಾ ಮಗಾ?"

"ಇಲ್ಲಮ್ಮ. ದೋಸೆ ಸೀದದ್ದು ಅಂತ ಮಾಡಿದೆ."

ಅಂದಿನಿಂದ ಕಾಂತಿ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ವಿಜೇತಾ ವಾದಿಸಲೂ ಇಲ್ಲ. ಶಾಲೆಗೆ ಹೋಗುತ್ತಿದ್ದಳು, ಎಡಗೈಯಲ್ಲಿ ಸೀಟಿ ಹಿಡಿದು ಊದುತ್ತಿದ್ದಳು, ಬಂದು ಮಲಗುತ್ತಿದ್ದಳು. ರಾಜ್ಯ ತಂಡದ ಹೊಸ ಆಯ್ಕೆಪಟ್ಟಿ ಫೋನಿಗೆ ಬಂದಾಗ ಹೆಸರುಗಳನ್ನು ಓದಿ ಮುಚ್ಚಿದಳು.

ಹತ್ತಿರಹತ್ತಿರ ವರ್ಷ ಕಳೆದಿತ್ತು. ಬಂಟ್ವಾಳದಲ್ಲಿ ಅವಳಿಗೆ ವ್ಯಾಯಾಮ ಮಾಡಿಸುತ್ತಿದ್ದ ಜಸ್ನಾ ಎಂದಿನಂತೆ ಹೇಳಿದಳು: "ಪಕ್ಕೆಯ ನರ ಅಲ್ವಾ, ಅದಕ್ಕೆ ಉಸಿರು ಮಾತ್ರ ಗೊತ್ತು. ಜೋರು ಉಸಿರೆಳೀರಿ."

ವಿಜೇತಾ ಎದೆ ತುಂಬ ಉಸಿರೆಳೆದಳು. ತೋಳಿನ ಚರ್ಮದಡಿ ಏನೋ ಸರಿಯಿತು. ಮೊಣಕೈ ತುಸು ಮಡಚಿ ಮತ್ತೆ ಬಿತ್ತು.

"ಬಂತು! ಬಂತು ಮಾರಾಯ್ತಿ!" ಜಸ್ನಾ ಕೂಗಿದಳು. ಹೊರಗೆ ಕುಳಿತಿದ್ದ ಕಾಂತಿ ಒಳಗೆ ಓಡಿ ಬಂದರು. ಇಬ್ಬರೂ ನಗುತ್ತ ಅಳುತ್ತಿದ್ದರು. ವಿಜೇತಾ ತನ್ನ ತೋಳನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಸಂತೋಷಪಡಬೇಕಾದ ಹೊತ್ತು ಇದೇ ಎಂದು ಅವಳಿಗೆ ತಿಳಿಯುತ್ತಿತ್ತು. ಅವರಿಗಾಗಿ ಇನ್ನೊಮ್ಮೆ ಉಸಿರೆಳೆದಳು.

ಈಗ ಅವಳು ಗುಡ್ಡ ಇಳಿಯುವುದಿಲ್ಲ. ಭಾನುವಾರ ಅಂಕಿತ್ ಅವಳನ್ನು ಕಾರಿನಲ್ಲಿ ಕರೆದೊಯ್ಯುತ್ತಾರೆ. ಹೊಸಬರು ಇಳಿಜಾರಿಗೆ ಹೋಗುವ ಮೊದಲು ಅವಳು ಕೆಳಗಿನ ಹುಲ್ಲಿನ ಮೇಲೆ ಅವರಿಗೆ ಬೀಳಲು ಕಲಿಸುತ್ತಾಳೆ. ಕೈ ಊರಬಾರದು, ಗದ್ದ ಎದೆಗೆ ಒತ್ತಬೇಕು, ಉರುಳಬೇಕು. ಅಂಕಿತ್ ಕೂಡ ಪ್ರತಿ ವಾರ ಬೀಳುತ್ತಾರೆ. ಕಳೆದ ವಾರ ಅವರು ಚೆನ್ನಾಗಿ ಉರುಳಿ, ತಲೆ ತುಂಬ ಹುಲ್ಲು ಮೆತ್ತಿಕೊಂಡು ಎದ್ದು, "ಈಗ ಸರಿ ಆಯ್ತಾ?" ಎಂದರು.

"ಕೈ ಊರಿದ್ರಿ" ಎಂದಳು ವಿಜೇತಾ. "ಇನ್ನೊಮ್ಮೆ ಬೀಳಿ."