ನಮ್ಮ ಪಡಸಾಲೆಯ ಬೋರ್ಡಿಂಗು

ಮೊನ್ನೆ ಮೊಮ್ಮಗಳು ಹಾಸ್ಟೆಲ್ಲಿಗೆ ಒಯ್ಯಲಿ ಎಂದು ಅಟ್ಟದ ಮೇಲಿನ ಕೌದಿ ಇಳಿಸಿ ಬಿಚ್ಚಿದೆ. ಮಡಿಕೆಯೊಳಗಿನಿಂದ ಒಣಗಿದ ಬೇವಿನೆಲೆ ಪುಡಿಪುಡಿಯಾಗಿ ಉದುರಿ, ಅದರ ಕಹಿ ವಾಸನೆ ಕೋಣೆಯೆಲ್ಲ ಹರಡಿತು. ಮೊಮ್ಮಗಳು ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು. ನನಗೆ ಖಾಲಾ ನೆನಪಾದರು... ಕೌದಿಯಲ್ಲಿ ಬೇವಿನೆಲೆ ಇಡದೆ ಯಾವ ಮಕ್ಕಳನ್ನೂ ಊರು ಬಿಡಲು ಬಿಟ್ಟವರಲ್ಲ ಆಕೆ.

ನಿಜಾಮರ ಕಾಲದ ಮಾತು ಇದು. ತಾಂಡೂರಿನಲ್ಲಿ ನಮ್ಮ ಮನೆಗೆ ಹತ್ತಿಕೊಂಡೇ ಇದ್ದದ್ದು ಖಾಲಾರ ತಮ್ಮನ ಮನೆ. ಮುಸಲ್ಮಾನರ ಮಾತಿನಲ್ಲಿ ಖಾಲಾ ಅಂದರೆ ಚಿಕ್ಕಮ್ಮ, ಊರಿಗೆಲ್ಲ ಆಕೆ ಖಾಲಾ. ಗಂಡ ತೀರಿದ ಮೇಲೆ ಆಕೆ ಹೈದರಾಬಾದಿನಲ್ಲಿ ಹೆಣ್ಣುಮಕ್ಕಳ ಬೋರ್ಡಿಂಗೊಂದರಲ್ಲಿ ಹುಡುಗಿಯರನ್ನು ನೋಡಿಕೊಳ್ಳುವ ಕೆಲಸಕ್ಕಿದ್ದರು. ಮೊಣಕಾಲು ಹಿಡಿದುಕೊಂಡ ಮೇಲೆ ಕೆಲಸ ಬಿಟ್ಟು ಇಲ್ಲಿ ಬಂದು ಕೂತಿದ್ದರು. ಕೂತಿದ್ದರು ಅನ್ನುವುದು ಬಾಯಿಮಾತಿಗೆ. ಆಕೆ ಒಂದು ಕಡೆ ಕೂತದ್ದನ್ನು ಕಂಡವರಿಲ್ಲ.

ಆಗ ನಮ್ಮ ಕಡೆಯವರಿಗೆ ಕಾಲೇಜು ಅಂದರೆ ಹೈದರಾಬಾದು. ಮಕ್ಕಳನ್ನು ಕಳಿಸುವವರಿಗೆ ಏನು ಕೊಡಬೇಕು, ಏನು ಬಿಡಬೇಕು ಒಂದೂ ತೋಚುತ್ತಿರಲಿಲ್ಲ. ಸುತ್ತಲಿನ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬಂದವರು ರೈಲು ಹತ್ತುವ ಮೊದಲು ಖಾಲಾರ ಕಟ್ಟೆ ಹತ್ತುತ್ತಿದ್ದರು. ಆಕೆ ಗಂಟು ಬಿಚ್ಚಿಸಿ, ಅರ್ಧ ಸಾಮಾನು ವಾಪಸು ಬಂಡಿಗೆ ಹಾಕಿಸುವರು. ಕೊಡಂಗಲ್ಲಿನ ಗೌಡರೊಬ್ಬರು ಮಗನಿಗೆ ಹಾಲಿಗೆ ತೊಂದರೆಯಾಗಬಾರದೆಂದು ಎಮ್ಮೆಯನ್ನೇ ಹೊಡೆದುಕೊಂಡು ಬಂದಿದ್ದರು. ಖಾಲಾ ಎಮ್ಮೆಯನ್ನು ಒಮ್ಮೆ, ಗೌಡರನ್ನು ಒಮ್ಮೆ ನೋಡಿ, "ಹುಡುಗನ ಫೀಸು ನೀವು ಕಟ್ತೀರಿ. ಎಮ್ಮೀದು ಯಾರು ಕಟ್ಟಬೇಕ್ರಿ ಗೌಡ್ರ?" ಅಂದರು. ಗೌಡರು ತಾವೇ ನಕ್ಕು ಎಮ್ಮೆ ತಿರುಗಿಸಿದರು.

ಕಲಬುರಗಿಯ ಸೋದರಮಾವನ ಮನೆಯಲ್ಲಿದ್ದು ನಾನು ಮೆಟ್ರಿಕ್ ಪಾಸಾದೆ. ಕಾಲೇಜಿಗೆ ಹೋಗುತ್ತೇನೆ ಅಂದೆ. ತೊಗರಿ ವ್ಯಾಪಾರದ ಅಪ್ಪ ಹೂಂ ಅಂದರು, ಅವ್ವ ಹೂಂ ಅಂದಳು. ಆದರೆ ಅಪ್ಪನ ತಾಯಿ, ನಮ್ಮ ಆಯಿ, ಉಹೂಂ ಅಂದಳು. ಆಯಿ ಉಹೂಂ ಅಂದದ್ದನ್ನು ಹೂಂ ಅನ್ನಿಸಿದವರು ನಮ್ಮ ವಂಶದಲ್ಲೇ ಇಲ್ಲ.

ಆಯಿಗೆ ಓದಿನ ಮೇಲೆ ಸಿಟ್ಟಿರಲಿಲ್ಲ. ನಮ್ಮ ಪೈಕಿಯಲ್ಲಿ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ತುತ್ತು ಎತ್ತುವಂತಿಲ್ಲ. ಆಕೆಯ ಹೆದರಿಕೆ ಅದು. "ಅಷ್ಟು ಮಂದಿ ನಡುವ ಈಕಿ ಪೂಜಾ ಯಾವಾಗ ಮಾಡ್ತಾಳ? ನಾಕು ದಿನ ಮಾಡ್ತಾಳ, ಐದನೇ ದಿನ ಹಂಗೇ ಉಣ್ತಾಳ. ನನ್ನ ಜೀವ ಇರೂತನಕ ಅದು ಆಗೂ ಮಾತಲ್ಲ." ಜಹೀರಾಬಾದಿನ ಕಡೆಯ ಒಂದು ಗಂಡು ಬೇರೆ ಆಯಿಯ ಕಣ್ಣಲ್ಲಿತ್ತು. ಕಾಲೇಜು ತಪ್ಪಿದರೆ ಆ ಮಳೆಗಾಲ ಮುಗಿಯುವುದರೊಳಗೆ ನನ್ನ ಕೊರಳಿಗೆ ತಾಳಿ ಬೀಳುವುದು ಖಚಿತವಾಗಿತ್ತು. ನಾನು ಊಟ ಬಿಟ್ಟು ಮುಸುಕು ಹಾಕಿಕೊಂಡೆ. ಅವ್ವ ಮೆಲ್ಲಗೆ ಹಿತ್ತಲ ಗೋಡೆಯ ಹತ್ತಿರ ಹೋಗಿ ಖಾಲಾರನ್ನು ಕೂಗಿದಳು.

ಖಾಲಾ ಬಂದವರು ನನ್ನ ಪರ ವಹಿಸಲೇ ಇಲ್ಲ! "ಆಯಿ, ನೀವು ಅನ್ನೂದು ಖರೆ ಅದರಿ. ಬೋರ್ಡಿಂಗ್‌ದಾಗ ಎರಡು ಸಲ ಗಂಟಿ ಹೊಡೀತಾರ. ಮೊದಲನೇದಕ್ಕ ಎದ್ದು ಜಳಕ, ಪೂಜಾ ಎಲ್ಲಾ ಮುಗಿಸಬೇಕು. ಎರಡನೇದು ಹೊಡದ್ರ ಊಟದ ಬಾಗಲಾ ಬಂದ್. ತಡಾ ಆದ್ರ ಉಪಾಸ. ಈ ಪೋರಿಗಿ ಆಗ್ತದೋ ಇಲ್ಲೋ ಇಲ್ಲೇ ನೋಡಮ್ರಿ. ಆಗ್ಲಿಲ್ಲಂದ್ರ ಹೋಗಬ್ಯಾಡಂತ ನಾನೇ ಹೇಳ್ತೀನಿ." ಆಯಿಗೆ ಈ ಮಾತು ಭಾಳ ಸೇರಿತು.

ಮರುದಿನ ನಮ್ಮ ಪಡಸಾಲೆಯೇ ಬೋರ್ಡಿಂಗಾಯಿತು. ಒಬ್ಬಳಿಂದ ಬೋರ್ಡಿಂಗು ಆಗುವುದಿಲ್ಲವೆಂದು ಆಯಿಯೊಬ್ಬಳನ್ನು ಬಿಟ್ಟು ಮನೆಮಂದಿಯೆಲ್ಲ ಅದರೊಳಗೆ ಸೇರಬೇಕೆಂದು ಖಾಲಾ ಹುಕುಂ ಮಾಡಿದರು. ಕಂಚಿನ ಗಂಗಾಳಕ್ಕೆ ಸೌಟಿನಿಂದ ಬಡಿದರೆ ಅದೇ ಗಂಟೆ. ಖಾಲಾ ಎಂದೂ ನಮ್ಮ ಅಡಿಗೆಮನೆಯ ಹೊಸ್ತಿಲು ದಾಟಿದವರಲ್ಲ, ಅದರ ಬಾಗಿಲು ಮಾತ್ರ ದಬ್ ಅಂತ ಎಳೆದು ಚಿಲಕ ಹಾಕುತ್ತಿದ್ದರು. ಮೊದಲ ದಿನ ಹೊರಗೆ ಉಳಿದದ್ದು ಅಪ್ಪ. ಅಂಗಡಿಯಿಂದ ತಡವಾಗಿ ಬಂದು ಅಂಗಳದಲ್ಲಿ ನಿಂತು, "ಖಾಲಾ, ಹಸಿವ್ಯಾಗ್ಯದರಿ. ಮನಿ ನಂದೇ ಅದ" ಅಂದರು. ಖಾಲಾ ಸೆರಗು ಮುಂದಕ್ಕೆ ಎಳೆದುಕೊಂಡರು, ದನಿ ಮಾತ್ರ ಇಳಿಸಲಿಲ್ಲ. "ಮನಿ ನಿಮ್ದೇರಿ ಭಾಯಿ. ಗಂಟಿ ನಂದು." ಅಪ್ಪ ಪುಠಾಣಿ ಕಡಲೆ ತಿನ್ನುತ್ತ ಅಂಗಡಿಗೆ ಹೋದರು. ಆಯಿ ಬಿದ್ದು ಬಿದ್ದು ನಕ್ಕಳು.

ಎರಡನೆಯ ದಿನ ಎಡವಿದ್ದು ನಾನು. ಬಾಗಿಲು ಮುಚ್ಚೀತು ಎಂಬ ಹೆದರಿಕೆಗೆ ಜಳಕ ಮಾಡಿದವಳೇ ತಲೆಯಿಂದ ನೀರು ಸೋರುತ್ತಿದ್ದಂತೆ ಓಡಿಬಂದು ಕೂತೆ, ರೊಟ್ಟಿ ಮುರಿದು ಬಾಯಿಗೆ ಹಾಕಿದೆ. ಎದುರಿಗೆ ಕೂತು ನೋಡುತ್ತಿದ್ದ ಆಯಿಯ ಕಣ್ಣು ನನ್ನ ಬಾಯಿಯ ಮೇಲೇ ನಿಂತಿತು. ಆಗ ನನಗೆ ಹೊಳೆಯಿತು, ಪೂಜೆ ಆಗಿಲ್ಲ! ಬಾಯಲ್ಲಿದ್ದದ್ದನ್ನು ಉಗುಳಿದೆ, ಆದರೆ ನೋಡುವವರು ನೋಡಿಯಾಗಿತ್ತು. "ಕಂಡ್ರಿ? ಅಪ್ಪನ ಮನ್ಯಾಗೇ ಹಿಂಗ, ಇನ್ನ ಅಲ್ಲಿ..." ಎಂದು ಆಯಿ ಎದ್ದೇ ಹೋದಳು. ನಾನು ದನದ ಕೊಟ್ಟಿಗೆಯಲ್ಲಿ ಕೂತು ಹೊಟ್ಟೆ ತುಂಬ ಅತ್ತೆ. ಹೊರಗಿನವರು ಯಾರಾದರೂ ಅಡ್ಡ ಬಂದಿದ್ದರೆ ಅಷ್ಟು ದುಃಖ ಆಗುತ್ತಿರಲಿಲ್ಲ. ನನ್ನ ಕಾಲೇಜನ್ನು ನಾನೇ ಒಂದು ತುತ್ತಿಗೆ ಕಳೆದುಕೊಂಡಿದ್ದೆ.

ಖಾಲಾ ಮಾತ್ರ ಮನೆಗೆ ಹೋಗಲಿಲ್ಲ. ಆಯಿಯ ಎದುರಿಗೆ ಚಾಪೆ ಹಾಸಿಕೊಂಡು, ಮೊಣಕಾಲು ಒತ್ತಿಕೊಳ್ಳುತ್ತ ಕೂತೇಬಿಟ್ಟರು.

"ಆಯಿ, ಪೂಜಾ ದೊಡ್ಡದದ, ಹೊತ್ತು ಸಣ್ಣದದ. ಎರಡೂ ಹ್ಯಾಂಗ ಹೊಂದಿಸಬೇಕಂತ ದೊಡ್ಡೋರು ತೋರಿಸಿದ್ರ ಸಣ್ಣೋರು ಕಲೀತಾರ. ಇಲ್ಲಾ, ನಿಮ್ಮ ಕೈಲಿನೂ ಆಗಂಗಿಲ್ಲೇನ್ರಿ?"

"ನನ್ನ ಕೈಲಿ ಆಗಂಗಿಲ್ಲ? ಹೊಡಿ ನಾಳಿ ಗಂಟಿ!"

ಮರುದಿನ ಆಯಿ ದೇವರ ಕೋಣೆಯಲ್ಲಿ ಕೂತಳು. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಲೇ ಇದ್ದಳು, ಖಾಲಾ ಎರಡನೆಯ ಸಲ ಗಂಗಾಳ ಬಡಿದೇಬಿಟ್ಟರು. ಬಾಗಿಲು ಬಂದ್. ಅವ್ವ ಹೌಹಾರಿ, "ವಯಸ್ಸಾದೋರು, ಬಾಗಲಾ ತೆಗೀರಿ ಖಾಲಾ" ಎಂದು ಕೈಮುಗಿದಳು. ದೇವರ ಕೋಣೆಯೊಳಗಿನಿಂದ ಆಯಿಯೇ ಗದರಿದಳು: "ತೆಗೀಬ್ಯಾಡ! ಕಾಯ್ದಾ ಅಂದ್ರ ಕಾಯ್ದಾ!" ಅದರ ಮರುದಿನವೂ ಅದೇ ಕಥೆ. ಹಟಕ್ಕೆ ಬಿದ್ದ ಆಯಿ ಇಡೀ ದಿನ ನೀರು ಕುಡಿದುಕೊಂಡು ಇದ್ದಳು. ನಾನು ಕಾಲೇಜೂ ಬೇಡ ಏನೂ ಬೇಡ ಎಂದು ಖಾಲಾರ ಕೈ ಹಿಡಿದುಕೊಂಡೆ. ಆಕೆ ಕೈ ಕೊಡವಿ, "ಸುಮ್ಮ ಕೂಡು ಬೇಟಾ" ಅಂದರು.

ಮೂರನೆಯ ಬೆಳಿಗ್ಗೆ ಎರಡನೆಯ ಗಂಟೆ ಹೊಡೆಯಬೇಕಿದ್ದ ಸೌಟು ಇನ್ನೂ ಖಾಲಾರ ಕೈಯಲ್ಲೇ ಇತ್ತು, ಆಯಿ ಹಣೆ ತುಂಬ ವಿಭೂತಿ ಧರಿಸಿ ಬಂದು ಊಟದ ಗಂಗಾಳದ ಮುಂದೆ ಕೂತಿದ್ದಳು! ಎಲ್ಲರೂ ಬಾಯಿ ಬಿಟ್ಟು ನೋಡಿದೆವು. ಅದು ಹೇಗಾಯಿತೆಂದು ಖಾಲಾ ಕೇಳಿದರು. ಆಯಿ ಅವ್ವನ ಕಡೆ ಓರೆಗಣ್ಣಲ್ಲಿ ನೋಡಿ ರೊಟ್ಟಿ ಮುರಿದಳು.

"ಪೂಜಾ ಲಗೂನೇ ಮುಗೀತಿತ್ತು ಬೀಬಿ. ಆಮ್ಯಾಲಿಂದು ಹೊತ್ತೆಲ್ಲಾ ಶಿವನ ಮುಂದ ಈ ಸೊಸಿ ಚಾಡಿ ಹೇಳ್ತಿದ್ದೆ. ಅದು ಬಿಟ್ಟೆ ನೋಡು, ಬೇಕಾದಷ್ಟು ಹೊತ್ತು ಉಳೀತು."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ಗೋಡೆಗೆ ಒರಗಿದಳು. ಅಪ್ಪನಿಗೆ ನೀರು ನೆತ್ತಿಗೇರಿತು. ಊಟವಾದ ಮೇಲೆ ಆಯಿ ನನ್ನನ್ನು ಹತ್ತಿರ ಕೂರಿಸಿಕೊಂಡು ಕಲಿಸಿದಳು. "ನೀರು, ವಿಭೂತಿ, ಪತ್ರಿ. ಬಾಯಾಗ ಶಿವನ ಹೆಸರು. ಇಷ್ಟಾದ್ರ ಸಾಕು. ನಿನಗಿನ್ನಾ ಸೊಸಿ ಬಂದಿಲ್ಲ, ಜಾಸ್ತಿ ಹೇಳಾಕೇನದ?" ಖಾಲಾ ತಲೆದೂಗಿ, "ನನ್ನ ನಮಾಜೂ ಹಂಗೇರಿ. ಗಂಟಿ ಹೊಡಿಯೂ ಕೆಲಸ ಮೇಲಿನಾಂವಗ ಗೊತ್ತದ" ಅಂದರು. ಸಂಜೆಯೇ ಜಹೀರಾಬಾದಿಗೆ ಹೇಳಿಕಳಿಸಲಾಯಿತು, ಹುಡುಗಿಯನ್ನು ಈಗ ಕೊಡುವುದಿಲ್ಲ ಎಂದು. ಹೇಳಿಕಳಿಸಿದವಳು ಆಯಿಯೇ.

ಸ್ಟೇಷನ್ನಿಗೆ ಎಲ್ಲರೂ ಬಂದಿದ್ದರು. ಅವ್ವ ಬಚ್ಚಿಟ್ಟಿದ್ದ ಉಪ್ಪಿನಕಾಯಿಯ ದೊಡ್ಡ ಭರಣಿಯನ್ನು ಖಾಲಾ ಕೊನೆಯ ಗಳಿಗೆಯಲ್ಲೂ ಪತ್ತೆ ಹಚ್ಚಿ ಕೆಳಗಿಳಿಸಿದರು. ನನ್ನ ಮುಖ ಸವರಿ, ನೆಟಿಗೆ ಮುರಿದು ದೃಷ್ಟಿ ತೆಗೆದರು. ರೈಲು ಹೊರಟಾಗ ಬುರುಖಾದೊಳಗಿನಿಂದ ಅವರ ಕೈ ಆಡುತ್ತಲೇ ಇತ್ತು...

ಖಾಲಾ ಕೆಲಸಕ್ಕಿದ್ದ ಬೋರ್ಡಿಂಗಿಗೇ ಹೋಗಿ ನೋಡುತ್ತೇನೆ, ಅಲ್ಲಿ ಎರಡನೆಯ ಗಂಟೆಯೇ ಇಲ್ಲ! ಊಟದ ಕೋಣೆಯ ಬಾಗಿಲು ಮುಚ್ಚುವ ಪದ್ಧತಿಯೂ ಇಲ್ಲ. ತಡವಾಗಿ ಬಂದವರಿಗೆ ಅಡಿಗೆಯಾಕೆ ಗೊಣಗುತ್ತ ಬಡಿಸುತ್ತಿದ್ದಳು, ಅಷ್ಟೇ. ಹಿಂದೆ ಯಾವಾಗಲಾದರೂ ಇತ್ತೇ ಎಂದು ಅವಳನ್ನೇ ಕೇಳಿದೆ. "ಉಣ್ಣೋ ಮಕ್ಕಳಿಗೆ ಯಾರಾದರೂ ಬಾಗಿಲು ಹಾಕ್ತಾರಾ?" ಎಂದು ನನಗೇ ಬೈದಳು. ನನಗೆ ನಗು ಬಂತು, ಸಿಟ್ಟೂ ಬಂತು. ದಸರೆಗೆ ಊರಿಗೆ ಬರುವಾಗ ರೈಲಿನಲ್ಲಿ ಕೂತು ಬೈಗುಳ ಹೊಂದಿಸುತ್ತ ಬಂದೆ. ಕಳ್ಳಿ ಖಾಲಾ, ಸುಳ್ಳಿ ಖಾಲಾ, ನಮ್ಮ ಆಯಿಯನ್ನು ಸುಮ್ಮಸುಮ್ಮನೆ ಉಪವಾಸ ಕೆಡವಿದೆಯಲ್ಲ, ಎನ್ನಬೇಕು. ಆಕೆಯ ಮುಖ ಹೇಗಾಗುತ್ತದೆ ನೋಡಬೇಕು.

ಸ್ಟೇಷನ್ನಿಗೆ ಬಂದಿದ್ದ ಅಪ್ಪ ದಾರಿಯಲ್ಲೇ ಹೇಳಿದರು. ಖಾಲಾ ಜ್ವರದಲ್ಲಿ ಹೋಗಿಬಿಟ್ಟಿದ್ದರು. ಮಣ್ಣು ಮಾಡಿ ಹೆಚ್ಚು ದಿನವಾಗಿರಲಿಲ್ಲ.

ಆಯಿಗೆ ಹೇಳಿದೆ, ಅಲ್ಲಿ ಬಾಗಿಲು ಮುಚ್ಚುವುದಿಲ್ಲವೆಂದು. ಆಯಿ ಕಣ್ಣು ಪಿಳುಕಿಸಿದಳು. ಆಮೇಲೆ ಮೈಯೆಲ್ಲ ಕುಲುಕುವಂತೆ ನಕ್ಕಳು. "ಸುಳ್ಳಿ! ಎರಡು ದಿನ ಉಪಾಸ ಕೆಡವಿದಳಲ್ಲ ನನಗ! ಬಾ ಇಲ್ಲಿ, ಕೇಳ್ತೀನಿ ಅನ್ನಾಕ..." ನಗುತ್ತಿದ್ದವಳು ಯಾವಾಗ ಅಳತೊಡಗಿದಳೋ ನನಗೆ ತಿಳಿಯಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು.

ಮೊಮ್ಮಗಳು ನಾಳೆ ಹೊರಡುತ್ತಾಳೆ. ಹೋಗಬೇಡ ಅನ್ನುವವರು ಮನೆಯಲ್ಲಿ ಒಬ್ಬರೂ ಇಲ್ಲ, ಯಾರ ಮುಂದೆಯೂ ಅವಳು ಪರೀಕ್ಷೆಗೆ ಕೂರಬೇಕಾಗಿಲ್ಲ. ಅದಕ್ಕೆ ನನಗೆ ಖುಷಿಯೇ ಇದೆ. ನನಗಾಗಿ ಸುಳ್ಳು ಹೇಳಿದ ಆ ಒಬ್ಬಾಕೆಯನ್ನು ಮಾತ್ರ ಬೈಯುವುದಾಗಲೇ ಇಲ್ಲ.