ಇನ್ನೂ ಆರದ ಬೆಂಚು

ಸೋಂದೆಯ ಶ್ರೀಪಾದಣ್ಣ ಅಂಗಳದ ಹಲಸಿನ ಬೆಂಚನ್ನು ಕೂಸಿಗೆ ಎಣ್ಣೆನೀರು ಹಾಕುವಷ್ಟು ನಿಧಾನವಾಗಿ ನೋಡಿಕೊಳ್ಳುತ್ತಾನೆ. ಪಾಚಿ ಕೆರೆದು, ಮರಳುಕಾಗದ ತಿಕ್ಕಿ, ಬಿಸಿಲು ಮರದೊಳಗೆ ಇಳಿಯುವ ತನಕ ಕಾದು, ಕೋಲಿಗೆ ಬಟ್ಟೆ ಸುತ್ತಿ ಗೇರೆಣ್ಣೆ ಬಳಿಯುತ್ತಾನೆ, ಗೆದ್ದಲು ಹತ್ತಬಾರದಲ್ಲ. ಲಗ್ನಪತ್ರಿಕೆ ಕೊಡಲು ಬಂದ ನೆಂಟ ಕೂರಲು ಬಾಗಿದರೆ, "ತಡಿ ಮಾರಾಯಾ, ಇನ್ನೂ ಆರಿದ್ದಿಲ್ಲೆ" ಎನ್ನುತ್ತಾನೆ. ನೆಂಟ ನಿಂತೇ ಪಾನಕ ಕುಡಿದು ಹೋಗುತ್ತಾನೆ. ತಿಂಗಳು ಕಳೆದರೂ ಆ ಬೆಂಚು ಆರುವುದೇ ಇಲ್ಲ. ಸಂಜೆಬಿಸಿಲಿನಲ್ಲಿ ಅದು ದೋಣಿಯ ಹಾಗೆ ತೇಲುವಾಗ ಅವನು ನೆಲದ ಮೇಲೆ ಕೂತು ನೋಡುತ್ತಿರುತ್ತಾನೆ. ಮೊನ್ನೆ ನಾನು ಕೈಜೋಡಿಸಲು ಹೋದಾಗ ಒರಗುವ ಹಲಗೆಯಲ್ಲಿ ಅಂಗೈಯಗಲದ ಜಾಗವೊಂದು ಗೇರೆಣ್ಣೆ ತಾಗದೆ ಹಾಗೇ ಉಳಿದಿತ್ತು. ಹೋದ ಚಳಿಗಾಲ ತೀರಿಕೊಂಡ ಅವನ ಅಕ್ಕ ದಿನವೂ ಅಲ್ಲೇ ತಲೆ ಆನಿಸಿ ಕೂರುತ್ತಿದ್ದಳು. ಮರೆತಿರಬೇಕೆಂದು ನಾನು ಗೇರೆಣ್ಣೆಯ ಕೋಲು ಎತ್ತಿದೆ. ಶ್ರೀಪಾದಣ್ಣ ಕೈ ಹಿಡಿದ. "ಅಲ್ಲಿಗೆ ಬ್ಯಾಡ. ಅಕ್ಕಯ್ಯನ ತಲೆಯೆಣ್ಣೆ ಇದ್ದು."